ಅತ್ತೆ ಕಾರ್ಡು, ಸೊಸೆ ಕಾರ್ಡು

ಅವಳನ್ನು ಕಂಪನಿಯಲ್ಲಿ ಎದುರಿಗೆ ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ತಕ್ಕಡಿಯಕ್ಕ. ಆ ಹೆಸರು ಅವಳ ಕಿವಿಗೂ ಬಿದ್ದಿತ್ತು. ಬಿದ್ದರೂ ಬೀಳದವಳ ಹಾಗೆ ಇದ್ದಳು, ಯಾಕೆಂದರೆ ಒಳಗೊಳಗೇ ಅದು ಅವಳಿಗೆ ಇಷ್ಟವಾಗಿತ್ತು. ನನಗೆ ಹೊಗಳಿಕೆ ಬೇಡ ಎನ್ನುವವರನ್ನು ಅಷ್ಟು ಸುಲಭವಾಗಿ ನಂಬಬಾರದು. ಅವರಿಗೆ ಬೇಕಾಗಿರುವುದು ಇನ್ನೂ ದೊಡ್ಡ ಹೊಗಳಿಕೆ. ತಕ್ಕಡಿಯಕ್ಕನಿಗೆ ಬೇಕಾಗಿದ್ದದ್ದು ಒಂದೇ ಮಾತು: ಅವಳು ಯಾರ ಕಡೆಗೂ ವಾಲುವುದಿಲ್ಲ.

ಕಂಪನಿ ಗ್ರಾಫಿಕ್ಸ್ ಕಾರ್ಡುಗಳನ್ನು ಮಾಡುತ್ತಿತ್ತು. ಕಂಪ್ಯೂಟರಿನ ತೆರೆಯ ಮೇಲೆ ಓಡುವ ಕುದುರೆ, ಸುರಿಯುವ ಮಳೆ, ಪಲ್ಟಿ ಹೊಡೆಯುವ ಕಾರು ಇವನ್ನೆಲ್ಲ ಚಿತ್ರದ ಮೇಲೆ ಚಿತ್ರವಾಗಿ ಬರೆದು ಎಸೆಯುವ ಭಾಗ ಅದು. ಬರೆಯುವ ಕೆಲಸ ಹೆಚ್ಚಿದಷ್ಟೂ ಬಿಸಿಯಾಗುತ್ತದೆ. ಬಿಸಿ ಮಿತಿ ಮೀರಿದರೆ ಸುಟ್ಟುಹೋಗುವ ಭಯಕ್ಕೆ ತಾನೇ ನಿಧಾನಿಸುತ್ತದೆ, ಆಗ ತೆರೆಯ ಮೇಲಿನ ಕುದುರೆ ಮುಗ್ಗರಿಸುತ್ತದೆ. ಹಾಗಾಗದಿರಲಿ ಎಂದು ಅದರ ಬೆನ್ನಿಗೆ ಪುಟ್ಟ ಫ್ಯಾನುಗಳನ್ನು ಕೂರಿಸಿರುತ್ತಾರೆ. ಎರಡು ಕಾರ್ಡುಗಳನ್ನು ಒಂದೇ ಕಂಪ್ಯೂಟರಿಗೆ ಸರದಿಯಂತೆ ಸಿಕ್ಕಿಸಿ, ಒಂದೇ ದೃಶ್ಯ ಓಡಿಸಿ, ಯಾವುದು ಸೆಕೆಂಡಿಗೆ ಹೆಚ್ಚು ಚಿತ್ರ ಬರೆಯುತ್ತದೆ, ಯಾವುದು ಕೊನೆಯವರೆಗೆ ತಾಳುತ್ತದೆ ಎಂದು ಹೇಳುವುದು ತಕ್ಕಡಿಯಕ್ಕನ ಕೆಲಸ. ಕೇಳುವುದಕ್ಕೆ ಮಕ್ಕಳಾಟದ ಹಾಗಿದೆ. ಆದರೆ ಅವಳ ಒಂದು ಮಾತಿಗೆ ಒಂದು ತಂಡ ಮೇಲೆ ಹೋಗುತ್ತಿತ್ತು, ಇನ್ನೊಂದು ಚದುರುತ್ತಿತ್ತು.

ಆದ್ದರಿಂದ ಕಟ್ಟುನಿಟ್ಟು ಬಹಳ. ಹೋಲಿಕೆಗೆ ಬರುವ ಕಾರ್ಡುಗಳಿಗೆ ಒಂದೇ ಬಗೆಯ ಕವಚ ತೊಡಿಸಿ, ತಂಡದ ಗುರುತು ಇರುವ ಕಡೆಯೆಲ್ಲ ಕಪ್ಪು ಟೇಪು ಸುತ್ತಿ ಕಳಿಸುತ್ತಿದ್ದರು. ಯಾವುದು ಯಾರದು ಎಂದು ಮುಖ್ಯಸ್ಥನೊಬ್ಬನಿಗೆ ಗೊತ್ತು. ಪರೀಕ್ಷೆ ಮಾಡುವವರು ಊಹಿಸಬಾರದು. ತಪ್ಪಿ ಊಹೆ ಬಂದರೆ ಬಾಯಿಬಿಟ್ಟು ಹೇಳಿ ಕೋಣೆಯಿಂದ ಹೊರಗೆ ಹೋಗಬೇಕು, ಮುಂದಿನದನ್ನು ಬೇರೆಯವರು ನೋಡಿಕೊಳ್ಳುತ್ತಾರೆ. ಈ ನಿಯಮವನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಗೋಡೆಗೆ ಅಂಟಿಸಿದ್ದವಳು ತಕ್ಕಡಿಯಕ್ಕನೇ.

ಕೋಣೆಯಲ್ಲಿ ಅವಳ ಜೊತೆಗಾರನೊಬ್ಬ ಇದ್ದ. ಅವಳ ವಯಸ್ಸಿನವನೇ, ತಲೆಯಲ್ಲಿ ಕೂದಲಿಗಿಂತ ಮಾತು ಜಾಸ್ತಿ. ಪ್ರತಿ ಪರೀಕ್ಷೆಗೆ ಮುಂಚೆ ಯಾವುದು ಗೆಲ್ಲುತ್ತದೆ ಎಂದು ಘೋಷಿಸುವ ಚಟ ಇದ್ದುದರಿಂದ ಅವನಿಗೆ ಭವಿಷ್ಯ ಎಂದು ಹೆಸರಿಟ್ಟಿದ್ದರು. ಹೇಳಿದ್ದು ಒಂದೂ ನಿಜವಾದದ್ದಿಲ್ಲ, ಹೆಸರು ಮಾತ್ರ ಉಳಿಯಿತು. ಕಾರ್ಡುಗಳಿಗೆ ನೆಂಟಸ್ತನದ ಹೆಸರಿಡುವ ರೂಢಿ ಶುರುಮಾಡಿದ್ದು ಅವನೇ. ಮೊದಲನೆಯದು, ಎರಡನೆಯದು ಎಂದು ಕರೆದರೆ ಮೊದಲನೆಯದಕ್ಕೆ ಮನಸ್ಸು ತಾನಾಗಿ ಮಣೆ ಹಾಕುತ್ತದೆ ಎನ್ನುವುದು ಅವನ ವಾದ. ಬೀಗರು, ಓರಗಿತ್ತಿಯರು, ಷಡ್ಡಕರು ಎಲ್ಲ ಆಗಿಹೋಗಿದ್ದರು.

ಆ ದಿನ ಮೇಜಿನ ಮೇಲೆ ಎರಡು ಕಪ್ಪು ಕಾರ್ಡುಗಳು ಬಂದು ಕೂತಾಗ ಅವನು ಕಾಸು ಚಿಮ್ಮಿ, "ಇದು ಅತ್ತೆ, ಇದು ಸೊಸೆ. ಅತ್ತೆ ಗೆಲ್ತಾಳೆ, ಬರೆದಿಟ್ಕೊಳ್ಳಿ" ಎಂದ.

"ಹಾಗಾದ್ರೆ ಸೊಸೆ ಗೆದ್ದಾಯ್ತು ಬಿಡಿ," ಎಂದಳು ತಕ್ಕಡಿಯಕ್ಕ.

ನಗುತ್ತಲೇ ಅಂದಳು, ಆದರೆ ಆ ದಿನದ ಹೋಲಿಕೆ ಎಂದಿನಂಥದ್ದಲ್ಲ. ಎರಡರಲ್ಲಿ ಒಂದು ಕಾರ್ಡು ಅವಳ ತಮ್ಮನ ತಂಡದ್ದು. ಇನ್ನೊಂದು ಬಿಸಿನೀರಮ್ಮನ ತಂಡದ್ದು. ಆಕೆ ಮಂಡಿನೋವಿನ ಹಿರಿಯ ಎಂಜಿನಿಯರು, ಸದಾ ಬಿಸಿನೀರಿನ ಫ್ಲಾಸ್ಕು ಹಿಡಿದೇ ತಿರುಗುತ್ತಿದ್ದರಿಂದ ಆ ಹೆಸರು. ಎರಡೂ ತಂಡದವರು ಒಂದೇ ಚಿಪ್ಪನ್ನು ಇಟ್ಟುಕೊಂಡು ಬೇರೆಬೇರೆ ರೀತಿಯಲ್ಲಿ ಕಾರ್ಡು ಕಟ್ಟಿದ್ದರು. ಒಂದನ್ನು ಮಾತ್ರ ತಯಾರಿಕೆಗೆ ಕಳಿಸುತ್ತಾರೆ. ಸೋತ ತಂಡವನ್ನು ಒಡೆದು ಜನರನ್ನು ಅಲ್ಲಿಗಿಷ್ಟು ಇಲ್ಲಿಗಿಷ್ಟು ಹಂಚುತ್ತಾರೆ. ಅಕ್ಕನೇ ತಮ್ಮನ ಕಾರ್ಡನ್ನು ತೂಗುವುದು ಸರಿಯೇ ಎಂದು ಯಾರೋ ಕೇಳಿದಾಗ ಮುಖ್ಯಸ್ಥ, "ಟೇಪು ಸುತ್ತಿದ ಮೇಲೆ ಯಾರ ಅಕ್ಕ, ಯಾರ ತಮ್ಮ? ಅಲ್ದೆ ಆಕೆ ತಮ್ಮನಿಗೆ ಒಲಿಯೋ ಪೈಕಿ ಅಲ್ಲ" ಎಂದು ಕೈಯಾಡಿಸಿಬಿಟ್ಟಿದ್ದ.

ಆ ಮಾತು ಸುಳ್ಳಲ್ಲ. ಅದಕ್ಕೊಂದು ಹಳೆಯ ಕಥೆ ಇತ್ತು.

ಅವಳು ಚಿಕ್ಕವಳಿದ್ದಾಗ ತಾಯಿ ಹೊಲಿಗೆ ಕಾರ್ಖಾನೆಗೆ ಹೋಗುತ್ತಿದ್ದಳು. ಅದೇ ಕಟ್ಟಡದ ಇನ್ನಷ್ಟು ತಾಯಂದಿರೂ ಹೋಗುತ್ತಿದ್ದರು. ಶಾಲೆ ಬಿಟ್ಟ ಮೇಲೆ ಅವರೆಲ್ಲರ ಮಕ್ಕಳೂ ಇವರ ಮನೆಯ ಮೆಟ್ಟಿಲ ಮೇಲೆ, ಇವಳ ಸುಪರ್ದಿಯಲ್ಲಿ. ಒಂದೋ ಎರಡೋ ಹಣ್ಣು ಇರುತ್ತಿತ್ತು, ಅದನ್ನು ಕತ್ತರಿಸಿ ಹಂಚುವುದು ಇವಳು. ಎಷ್ಟೇ ಸಮನಾಗಿ ಕತ್ತರಿಸಿದರೂ ಒಂದು ಹೋಳು ಸಣ್ಣದಾಗಿಯೇ ಆಗುತ್ತದೆ, ಆ ಸಣ್ಣ ಹೋಳು ಯಾವಾಗಲೂ ತಮ್ಮನಿಗೆ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂದು ನೆರೆಯವರು ಆಡಿಕೊಳ್ಳಬಾರದಲ್ಲ! ಸುಣ್ಣ ಹಚ್ಚಲೇಬೇಕೆಂದರೆ ನಮ್ಮ ಮನೆಯ ಕಣ್ಣಿಗೇ ಹಚ್ಚಿಬಿಡೋಣ ಎಂದು ಅವಳ ಲೆಕ್ಕ. ಸಂಜೆ ತಾಯಂದಿರು ಬಂದು, "ನಿನ್ನ ಮಗಳು ಬಂಗಾರ ಕಣೇ" ಎನ್ನುತ್ತಿದ್ದರು. ತಾಯಿ ಹಿಗ್ಗುತ್ತಿದ್ದಳು. ಒಮ್ಮೆ ಸಿಪ್ಪೆಗೆ ಅಂಟಿಕೊಂಡಿದ್ದ ಹೋಳನ್ನು ಕೈಯಲ್ಲಿ ಹಿಡಿದುಕೊಂಡು ತಮ್ಮ, "ಅಕ್ಕ, ನಾನು ಪಕ್ಕದ ಮನೆಯವರ ಮಗ ಆಗಿದ್ರೆ ದೊಡ್ಡದು ಕೊಡ್ತಿದ್ಯಾ?" ಎಂದು ಕೇಳಿದ್ದ. ಅವನ ದನಿಯಲ್ಲಿ ದೂರು ಇರಲಿಲ್ಲ, ತಿಳಿದುಕೊಳ್ಳುವ ಕುತೂಹಲ ಅಷ್ಟೇ. ಮೆಟ್ಟಿಲ ಮೇಲಿದ್ದವರೆಲ್ಲ ನಕ್ಕರು, ಅವಳೂ ನಕ್ಕಳು.

ಅವನು ಬೆಳೆದು ಇದೇ ಕಂಪನಿಗೆ ಸೇರಿದ. ಅವನು ಕಟ್ಟಿದ ಮೊದಲ ಕಾರ್ಡಿನಲ್ಲಿ ತಪ್ಪು ಕಂಡಾಗ ಅವಳು ಎಲ್ಲರೆದುರು ಎದ್ದು ನಿಂತು ಹೇಳಿದಳು. ಬೇರೆಯವರದಾಗಿದ್ದರೆ ಪಕ್ಕಕ್ಕೆ ಕರೆದು ಹೇಳುತ್ತಿದ್ದಳು. ತಮ್ಮ, "ಇಡೀ ಆಫೀಸಿಗೆ ಅಕ್ಕ, ನನಗೊಬ್ಬನಿಗೆ ಪರೀಕ್ಷೆ" ಎಂದು ಊಟದ ಕೋಣೆಯಲ್ಲಿ ನಗೆಯಾಡಿದ್ದನಂತೆ.

ಆ ದಿನ ಬೆಳಿಗ್ಗೆ ಅತ್ತೆಯ ಸರದಿ. ಕಾರ್ಡನ್ನು ಸಿಕ್ಕಿಸಿ ಡಬ್ಬ ಮುಚ್ಚಿ ದೃಶ್ಯ ಓಡಿಸಿದರು. ಕಾಡು, ಕಾಡಿನ ನಡುವೆ ಹೊಳೆ, ಗಾಳಿಗೆ ಅಲ್ಲಾಡುವ ಎಲೆಗಳು. ಎಲೆ ಎಣಿಸುತ್ತ ಕೂತರೆ ಆಯುಷ್ಯ ಸಾಲದು. ಬಿಸಿ ಏರುವ ಮೊದಲೇ ಅತ್ತೆಯ ಫ್ಯಾನುಗಳು ಗೊರ್ರೆಂದು ಶುರುವಾದವು.

"ನೋಡಿದ್ರಾ, ಹೆಸರಿಗೆ ತಕ್ಕ ಹಾಗೆ ಗೊಣಗೋಕೆ ಶುರು," ಎಂದ ಭವಿಷ್ಯ. "ಸೊಸೆ ಇನ್ನೂ ಮನೆಗೇ ಬಂದಿಲ್ಲ."

ಅರ್ಧ ದಾರಿಯಲ್ಲಿ ಹೊಳೆಯ ನೀರು ಒಂದು ಕ್ಷಣ ತಡವರಿಸಿತು. ಕೋಣೆಯ ಪದ್ಧತಿಯಂತೆ ಒಂದು ಮುಗ್ಗರಿಕೆಗೆ ಒಂದು ವಿಚಾರಣೆ: ಕುದುರೆ ಎಡವಿತೋ, ದಾರಿ ಕೆಟ್ಟಿತ್ತೋ ನೋಡಲೇಬೇಕು. ತಕ್ಕಡಿಯಕ್ಕ ನಿಲ್ಲಿಸಿ ನೋಡಿದಳು. ಕಂಪ್ಯೂಟರು ತನ್ನಷ್ಟಕ್ಕೆ ತಾನು ಯಾವುದೋ ಅಪ್‌ಡೇಟು ಇಳಿಸಿಕೊಳ್ಳಲು ಹೊರಟಿತ್ತು. "ಇದು ಕಾರ್ಡಿನ ತಪ್ಪಲ್ಲ" ಎಂದು ನೆಟ್ಟಿನ ತಂತಿ ಕಿತ್ತು, ಮೊದಲಿಂದ ಓಡಿಸಿದಳು. ಅತ್ತೆ ಗೊಣಗುತ್ತ ಗೊಣಗುತ್ತಲೇ ಕೊನೆ ಮುಟ್ಟಿದಳು.

ಊಟವಾದ ಮೇಲೆ ಸೊಸೆಯನ್ನು ಸಿಕ್ಕಿಸಿದರು. ಸೊಸೆ ತುಟಿಪಿಟಕ್ಕೆನ್ನಲಿಲ್ಲ. ದೃಶ್ಯ ಓಡುತ್ತಿದೆ, ಬಿಸಿ ಏರುತ್ತಿದೆ, ಫ್ಯಾನು ಮಾತ್ರ ಅಲ್ಲಾಡುತ್ತಿಲ್ಲ. ಬಹಳ ಹೊತ್ತಿನ ಮೇಲೆ ತಿರುಗಲು ಶುರುವಾದದ್ದೂ ಕಿವಿಗೆ ಬೀಳದಷ್ಟು ಮೆತ್ತಗೆ. ಭವಿಷ್ಯ ಡಬ್ಬಕ್ಕೆ ಕಿವಿಯಿಟ್ಟು, "ಉಸಿರಾಡ್ತಿದ್ದಾಳಾ?" ಎಂದ.

ತಕ್ಕಡಿಯಕ್ಕನ ಕೈ ಮೌಸಿನ ಮೇಲೆ ಹಾಗೇ ನಿಂತಿತು. ಇದು ಅವನದೇ. ತಮ್ಮನಿಗೆ ಸದ್ದೆಂದರೆ ಆಗುತ್ತಿರಲಿಲ್ಲ. ಚಿಕ್ಕವನಿದ್ದಾಗ ಕುಕ್ಕರು ಕೂಗುವ ಮುಂಚೆಯೇ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ತೂರುತ್ತಿದ್ದ. ಮನೆಯ ಹಳೆಯ ಟೇಬಲ್ ಫ್ಯಾನು ಕಟಕಟ ಎನ್ನುತ್ತದೆಂದು ಅದರ ಜಾಲರಿಗೆ ಅಮ್ಮನ ಕರ್ಚೀಫು ಸುತ್ತಿ ಏಟು ತಿಂದಿದ್ದ. ಇಷ್ಟು ಮೌನವಾದ ಕಾರ್ಡನ್ನು ಅವನಲ್ಲದೆ ಇನ್ಯಾರು ಕಟ್ಟುತ್ತಾರೆ?

ಆಗಲೇ ಎದ್ದು, "ನನಗೆ ಗೊತ್ತಾಗಿಹೋಯ್ತು, ನಾನು ಹೊರಗಿರ್ತೀನಿ" ಎನ್ನಬೇಕಿತ್ತು. ಅವಳೇ ಬರೆಸಿದ ನಿಯಮ ಎದುರಿನ ಗೋಡೆಯ ಮೇಲೇ ಇತ್ತು. ಅವಳು ಏಳಲಿಲ್ಲ. ಗೊತ್ತಾದರೂ ನಾನು ವಾಲುವುದಿಲ್ಲ ಎಂಬ ಜಂಬ ಅದು. ಮನುಷ್ಯನಿಗೆ ಬರುವ ಜಂಬಗಳಲ್ಲಿ ಇದರಷ್ಟು ಕೆಟ್ಟದ್ದು ಇನ್ನೊಂದಿಲ್ಲ, ಏಕೆಂದರೆ ಇದು ಒಳ್ಳೆಯತನದ ಅಂಗಿ ತೊಟ್ಟುಕೊಂಡೇ ಓಡಾಡುತ್ತದೆ.

ದೃಶ್ಯ ಮುಗಿಯಲು ಇನ್ನು ಸ್ವಲ್ಪವೇ ಇದ್ದಾಗ ಎಲೆಗಳು ತಡವರಿಸಿದವು. ಒಮ್ಮೆ, ಮತ್ತೊಮ್ಮೆ. ತಕ್ಕಡಿಯಕ್ಕ ತಿರುಗಿ ನೋಡಿದಳು. ಕಿಟಕಿಯ ಪರದೆಯನ್ನು ಒಗೆಯಲು ಕೊಂಡೊಯ್ದಿದ್ದರು. ಮಧ್ಯಾಹ್ನದ ಬಿಸಿಲು ನೇರವಾಗಿ ಬಂದು ಕಂಪ್ಯೂಟರಿನ ಡಬ್ಬದ ಮೈಮೇಲೆ ಚಾಪೆ ಹಾಸಿದ ಹಾಗೆ ಬಿದ್ದಿತ್ತು. ಅದನ್ನು ಅವಳು ಕಂಡಳು. ಕಂಡದ್ದು ಮನಸ್ಸಿಗೂ ತಿಳಿಯಿತು. ಆದರೆ ಆ ಹೊತ್ತಿನಲ್ಲಿ ಅವಳು ಕಾರ್ಡನ್ನು ನೋಡುತ್ತಿರಲಿಲ್ಲ, ತಮ್ಮನನ್ನು ಬೈಯುತ್ತಿದ್ದಳು. ಸದ್ದು ಮಾಡದ ಕಾರ್ಡು ಒಳಗೊಳಗೇ ಬೇಯುತ್ತದೆ ಎಂದು ಎಷ್ಟು ಸಲ ಹೇಳಿಲ್ಲ ಇವನಿಗೆ! ಊಟಕ್ಕೆ ಬಂದಾಗೆಲ್ಲ ಹೇಳಿದ್ದಳು. ಅವನು ಅನ್ನ ಕಲಸುತ್ತ ಹೂಂ ಹೂಂ ಎನ್ನುತ್ತಿದ್ದ. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದಾನೆ.

"ಬಿಸಿಲು ಬಿದ್ದಿದೆ ಅಕ್ಕ," ಎಂದ ಭವಿಷ್ಯ. "ಒಂದು ರಟ್ಟು ಅಡ್ಡ ಇಟ್ಟು ಇನ್ನೊಂದ್ಸಲ ಓಡಿಸೋಣ."

"ಬೇಡ. ಬಂದ ಅಂಕಿಯನ್ನೇ ಪಟ್ಟಿಗೆ ಹಾಕಿ."

"ಬೆಳಿಗ್ಗೆ ಅತ್ತೆಗೆ ಕೊಟ್ವಲ್ಲ ಇನ್ನೊಂದು ಅವಕಾಶ? ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ, ಇಲ್ಲಿ ಸೊಸೆಗೆ ಕಾಲವೇ ಬರಲಿಲ್ವಲ್ಲ."

"ಗ್ರಾಹಕರ ಮನೇಲಿ ಬಿಸಿಲು ಬೀಳಲ್ವಾ? ಹಾಕಿ ಅಂದೆ."

ಅವನು ಅವಳ ಮುಖ ನೋಡಿ, ಬಂದದ್ದನ್ನು ಹಾಕಿದ. ಎರಡನ್ನೂ ಹೋಲಿಸಿ ನೋಡಿದರೆ ಅತ್ತೆ ಕೂದಲೆಳೆಯಷ್ಟು ಮುಂದೆ. ಭವಿಷ್ಯ ಹೇಳಿದ್ದು ಬದುಕಿನಲ್ಲಿ ಮೊದಲ ಬಾರಿಗೆ ನಿಜವಾಗಿತ್ತು, ಆದರೂ ಅವನ ಮುಖದಲ್ಲಿ ಖುಷಿ ಇರಲಿಲ್ಲ.

ಮನೆಗೆ ಹೋಗುವಾಗ ತಕ್ಕಡಿಯಕ್ಕನಿಗೆ ದುಃಖವಾಯಿತು. ತಮ್ಮನ ತಂಡ ಒಡೆಯುತ್ತದೆ. ಅವನು ಈ ಕಾರ್ಡಿಗಾಗಿ ರಜೆ ಬಿಟ್ಟಿದ್ದ, ತೂಕ ಇಳಿದಿದ್ದ. ಅವಳಿಗೆ ಅವನ ಮೇಲೆ ಪ್ರೀತಿ ಇರಲಿಲ್ಲವೇ? ಇತ್ತು, ಬೇಕಾದಷ್ಟು ಇತ್ತು. ಆದರೆ ಆ ದುಃಖದ ತಳದಲ್ಲಿ ಒಂದು ಸಮಾಧಾನವೂ ಇತ್ತು, ಸುಳ್ಳೇಕೆ ಹೇಳಬೇಕು. ನಾಳೆ ಯಾರೂ ಬೆರಳು ತೋರಿಸುವ ಹಾಗಿಲ್ಲ ಎಂಬ ಸಮಾಧಾನ.

ಮರುದಿನ ಸಭೆಯ ಕೋಣೆಯಲ್ಲಿ ಎರಡೂ ತಂಡದವರು ಸೇರಿದ್ದರು. ಮುಖ್ಯಸ್ಥ ಅತ್ತೆಯನ್ನು ಕೈಗೆತ್ತಿಕೊಂಡು, ಟೇಪಿನ ಅಂಚನ್ನು ಉಗುರಿನಿಂದ ಕೆರೆದು ಎಳೆದ. ಟೇಪಿನ ಕೆಳಗಿದ್ದದ್ದು ತಮ್ಮನ ತಂಡದ ಗುರುತು.

ತಮ್ಮನ ಕಡೆಯವರು ಹೋ ಎಂದು ಕೂಗಿದರು. ಯಾರೋ ಅವನನ್ನು ತಬ್ಬಿಕೊಂಡರು, ಯಾರೋ ಬೆನ್ನಿಗೆ ಗುದ್ದಿದರು. ಅವನು ಅವರ ಭುಜಗಳ ಮೇಲಿಂದ ಅಕ್ಕನನ್ನೇ ನೋಡುತ್ತಿದ್ದ, ಕಣ್ಣು ತುಂಬಿಕೊಂಡು. ತಕ್ಕಡಿಯಕ್ಕ ಕುರ್ಚಿಯ ಬೆನ್ನು ಹಿಡಿದು ನಿಂತಳು. ಮೇಜಿನ ಆ ತುದಿಯಲ್ಲಿ ಬಿಸಿನೀರಮ್ಮ ಸೊಸೆಯ ಟೇಪನ್ನು ತಾನೇ ಬಿಚ್ಚಿಕೊಂಡು, ಉಳಿದ ಅಂಟನ್ನು ಫ್ಲಾಸ್ಕಿನ ಬಿಸಿನೀರಲ್ಲಿ ಅದ್ದಿದ ಕರ್ಚೀಫಿನಿಂದ ಒರೆಸುತ್ತಿದ್ದಳು. ಆಕೆಯ ತಂಡದವರು ಸುತ್ತ ನಿಂತಿದ್ದರು. ಆಕೆ ಅವರಿಗೆ, "ಇರ್ಲಿ ಬಿಡ್ರಪ್ಪ, ತಕ್ಕಡಿಯಕ್ಕ ತೂಗಿದ ಮೇಲೆ ಮುಗೀತು" ಎಂದಳು.

ಆ ಮಾತು ತಕ್ಕಡಿಯಕ್ಕನ ಮುಖಕ್ಕೆ ಹೊಡೆದ ಹಾಗಿತ್ತು.

ಜನರಿಂದ ಬಿಡಿಸಿಕೊಂಡು ಬಂದ ತಮ್ಮ ಅವಳ ಕೈ ಹಿಡಿದು ಹೊರಗಿನ ಓಣಿಗೆ ಎಳೆದುಕೊಂಡು ಹೋದ. ಅಲ್ಲಿ ನೀರಿನ ಯಂತ್ರವೊಂದು ಬಿಟ್ಟರೆ ಯಾರೂ ಇರಲಿಲ್ಲ.

"ಅಕ್ಕ, ಸದ್ದು ಕೇಳಿಸ್ತಾ? ಫ್ಯಾನಿನ ಸದ್ದು?"

"ಕೇಳಿಸ್ತು."

"ನೀನೇ ಹೇಳ್ತಿದ್ಯಲ್ಲ, ಸದ್ದು ಮಾಡದ ಕಾರ್ಡು ಒಳಗೇ ಬೇಯುತ್ತೆ ಅಂತ. ತಂಡದವರೆಲ್ಲ ಬೇಡ ಅಂದ್ರು, ಜನಕ್ಕೆ ಸದ್ದು ಹಿಡಿಸಲ್ಲ ಅಂದ್ರು. ನಾನು ಹಟ ಹಿಡಿದೆ. ನಮ್ಮಕ್ಕ ಹೇಳಿದ್ದಾಳೆ, ಫ್ಯಾನು ಮೊದಲೇ ತಿರುಗ್ಲಿ ಅಂದೆ. ಆ ಸದ್ದಿಗೆ ನನಗೇ ತಲೆನೋವು ಬರ್ತಿತ್ತು ಗೊತ್ತಾ? ಕಿವಿಗೆ ಹತ್ತಿ ಇಟ್ಕೊಂಡು ಕೆಲಸ ಮಾಡಿದ್ದೀನಿ!" ಅವನು ನಗುತ್ತಿದ್ದ. "ಇವತ್ತು ಮೊದಲ ಸಲ ಅಕ್ಕ, ನಿನ್ನ ಕೈಯಿಂದ ದೊಡ್ಡ ಹೋಳು ಬಂತು."

ಸುಮ್ಮನಿದ್ದುಬಿಡಬಹುದಿತ್ತು. ಭವಿಷ್ಯ ಎಷ್ಟೇ ಮಾತಿನವನಾದರೂ ಇದನ್ನು ಬಾಯಿ ಬಿಡುವವನಲ್ಲ. ಬಿಸಿಲಿಗೆ ಬೇರೆ ಸಾಕ್ಷಿ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ದೊಡ್ಡ ಹೋಳು ತಾನಾಗಿ ಇವನ ಕೈ ಸೇರಿದೆ. ಕಿತ್ತುಕೊಳ್ಳುವ ಕೈ ಮತ್ತೆ ತನ್ನದೇ ಆಗಬೇಕೆ? ಸುಮ್ಮನಿರಬೇಕೆಂದು ಅವಳಿಗೆ ನಿಜವಾಗಿಯೂ ಆಸೆಯಾಯಿತು. ಆದರೆ ಕರ್ಚೀಫು ಹಿಡಿದ ಆ ಕೈ ಕಣ್ಣ ಮುಂದಿನಿಂದ ಹೋಗಲಿಲ್ಲ. ಮುಖ್ಯಸ್ಥನಿಗೆ ಹೇಳುವ ಮೊದಲು ಇವನಿಗೆ ಹೇಳಬೇಕು ಎಂದಷ್ಟೇ ಹೊಳೆಯಿತು.

"ನಿಲ್ಲು. ಒಂದು ಮಾತು," ಎಂದಳು. "ಸೊಸೆ ನಿಂದು ಅಂದ್ಕೊಂಡಿದ್ದೆ ನಾನು."

"ಸೊಸೆ?"

"ಆ ಇನ್ನೊಂದು ಕಾರ್ಡು. ಸದ್ದು ಇರ್ಲಿಲ್ಲ ಅದಕ್ಕೆ. ನೀನೇ ಮಾಡಿದ್ದು ಅಂದ್ಕೊಂಡೆ. ಗೊತ್ತಾದ ಮೇಲೆ ಎದ್ದು ಹೋಗ್ಬೇಕಿತ್ತು, ಹೋಗ್ಲಿಲ್ಲ. ಕೊನೇಲಿ ಅದು ಮುಗ್ಗರಿಸ್ತು. ಡಬ್ಬದ ಮೇಲೆ ಬಿಸಿಲು ಬಿದ್ದಿತ್ತು, ನೋಡಿದೆ. ನೋಡಿಯೂ ಮತ್ತೆ ಓಡಿಸ್ಲಿಲ್ಲ."

ತಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ನಗು ಮುಖದಲ್ಲಿ ಹಾಗೇ ಉಳಿದಿತ್ತು. ಆಮೇಲೆ ನಿಧಾನವಾಗಿ ಕೇಳಿದ, "ನಂದು ಮುಗ್ಗರಿಸ್ಲಿಲ್ವಾ?"

"ಮುಗ್ಗರಿಸ್ತು. ಬೆಳಿಗ್ಗೆ."

"ಆಗ?"

"ಮತ್ತೆ ಓಡಿಸ್ದೆ. ಕಂಪ್ಯೂಟರಿನ ತಪ್ಪಿತ್ತು."

"ಅದು ನಂದು ಅಂತ ಗೊತ್ತಿದ್ದಿದ್ರೆ ಓಡಿಸ್ತಿದ್ಯಾ?"

ತಕ್ಕಡಿಯಕ್ಕ ಬಾಯಿ ತೆರೆದಳು. ಹೌದು ಎನ್ನುವ ಮಾತು ಬರಲಿಲ್ಲ. ಮೆಟ್ಟಿಲ ಮೇಲೆ ನಕ್ಕು ತಳ್ಳಿಹಾಕಿದ್ದ ಪ್ರಶ್ನೆಯೇ ಇಷ್ಟು ವರ್ಷ ಕಳೆದು ಬೇರೆ ಅಂಗಿ ತೊಟ್ಟು ಬಂದಿತ್ತು, ಈ ಸಲ ನಗಲು ಸುತ್ತ ಯಾರೂ ಇರಲಿಲ್ಲ.

"ಕಾರ್ಡು ಚೆನ್ನಾಗಿದೆ ಅಂತ ಗೆದ್ದೆ ಅಂದ್ಕೊಂಡೆ," ಎಂದ ತಮ್ಮ. "ಅಲ್ಲ. ನೀನು ನನ್ನನ್ನ ಗುರುತು ಹಿಡೀಲಿಲ್ಲ, ಅದಕ್ಕೆ ಗೆದ್ದೆ."

ಅವನು ದನಿ ಏರಿಸಲಿಲ್ಲ. ಏರಿಸಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ನೀರಿನ ಯಂತ್ರದಿಂದ ಒಂದು ಲೋಟ ನೀರು ಹಿಡಿದು ಕುಡಿದು, "ಹೋಗಿ ಹೇಳು ಅವರಿಗೆ. ಹೇಳದೆ ಇರೋಳಲ್ಲ ನೀನು" ಎಂದು, ತನ್ನ ಜನ ಇರುವ ಕಡೆಗಲ್ಲದೆ ಇನ್ನೊಂದು ಬಾಗಿಲಿನಿಂದ ಹೊರಗೆ ಹೋದ.

ಅವಳು ಹೇಳಿದಳು. ಸಭೆಯ ಕೋಣೆಯಲ್ಲಿ ಎಲ್ಲರೆದುರಿಗೆ, ಒಂದನ್ನೂ ಮುಚ್ಚಿಡದೆ. ಮುಖ್ಯಸ್ಥ ಹಣೆ ಉಜ್ಜಿಕೊಂಡು, "ತಕ್ಕಡಿಯ ಮುಳ್ಳೇ ಬಗ್ಗಿದ್ರೆ ಯಾರನ್ನ ಕೇಳೋಣಮ್ಮ?" ಎಂದ. ಮತ್ತೆ ಪರೀಕ್ಷೆ ನಡೆಯಿತು. ಪರದೆ ಎಳೆದು, ಎರಡಕ್ಕೂ ಹೊಸ ಟೇಪು ಸುತ್ತಿ, ಬೇರೆ ವಿಭಾಗದಿಂದ ಬಂದವರ ಕೈಯಲ್ಲಿ. ಈ ಸಲ ಸೊಸೆ ಮುಂದೆ ಬಂದಳು. ಅಂತರ ಆಗಲೂ ಕೂದಲೆಳೆಯಷ್ಟೇ. ಬಿಸಿನೀರಮ್ಮನ ಕಾರ್ಡು ತಯಾರಿಕೆಗೆ ಹೋಯಿತು. ತಮ್ಮನ ತಂಡ ಒಡೆಯಿತು. ಅವನ ಕಡೆಯವರು ಕೆಲವರು ತಕ್ಕಡಿಯಕ್ಕ ಎದುರಾದರೆ ಗೋಡೆ ನೋಡಿಕೊಂಡು ಹೋಗುತ್ತಿದ್ದರು. ಅವಳು ಅವರನ್ನು ದೂರಲಿಲ್ಲ.

ಅವಳನ್ನು ಹೋಲಿಕೆಯ ಕೋಣೆಯಿಂದ ತೆಗೆದು ಪೆಟ್ಟಿಗೆ ಬೀಳಿಸುವ ಕೋಣೆಗೆ ಹಾಕಿದರು. ಕಾರ್ಡು ತುಂಬುವ ರಟ್ಟಿನ ಪೆಟ್ಟಿಗೆಗಳು ದಾರಿಯಲ್ಲಿ ಬಿದ್ದರೆ ಒಡೆಯುತ್ತವೋ ಎಂದು ನೋಡಲು ಅವನ್ನು ಎತ್ತರದಿಂದ ಬೀಳಿಸುವುದು ಅಲ್ಲಿನ ಕೆಲಸ. ಬೀಳಿಸಬೇಕು, ನೋಡಬೇಕು, ಮತ್ತೆ ಬೀಳಿಸಬೇಕು. ಒಂದು ದಿನ ಭವಿಷ್ಯ ಇಣುಕಿ, "ಇಲ್ಲಿ ಆರಾಮ ಅಕ್ಕ, ಭೂಮಿ ಎಲ್ರನ್ನೂ ಒಂದೇ ಥರ ಎಳೆಯುತ್ತೆ" ಎಂದು ಸಮಾಧಾನ ಹೇಳಿದ. ಅವಳಿಗೆ ನಗು ಬಂತು, ನಕ್ಕ ಮೇಲೆ ಅಳುವೂ ಬಂತು. ಹಳೆಯ ಕೆಲಸ ಹೋದದ್ದಕ್ಕಲ್ಲ. ಊಟಕ್ಕೆ ಬರುವುದನ್ನು ತಮ್ಮ ನಿಲ್ಲಿಸಿದ್ದ. ಫೋನು ಮಾಡಿದರೆ ಎತ್ತುತ್ತಿದ್ದ, ಚೆನ್ನಾಗಿದ್ದೀನಿ ಎನ್ನುತ್ತಿದ್ದ, ಇಡುತ್ತಿದ್ದ.

ಪೆಟ್ಟಿಗೆ ಬೀಳಿಸುತ್ತ ಅವಳಿಗೆ ಯೋಚಿಸಲು ಬೇಕಾದಷ್ಟು ಹೊತ್ತು ಸಿಗುತ್ತಿತ್ತು. ಅವಳನ್ನು ಕಾಡಿದ್ದು ಬಿಸಿಲಲ್ಲ. ಮೌನವಾದದ್ದನ್ನು ಕಂಡ ಕೂಡಲೇ ಇದು ತಮ್ಮ ಎಂದುಕೊಂಡೆನಲ್ಲ, ಮಂಚದ ಕೆಳಗೆ ತೂರುತ್ತಿದ್ದ ಹುಡುಗನ ಹತ್ತಿರವೇ ನಿಂತುಬಿಟ್ಟೆನಲ್ಲ ಎಂದು ಅವಳಿಗೆ ನಾಚಿಕೆಯಾಗುತ್ತಿತ್ತು. ಅವನು ಅನ್ನ ಕಲಸುತ್ತ ಹೂಂಗುಟ್ಟಿದ್ದು ಅವಳ ಮಾತನ್ನು ತಳ್ಳಿಹಾಕಲು ಅಲ್ಲ, ಒಪ್ಪಿಕೊಂಡು. ತನಗೆ ತಲೆನೋವು ಬಂದರೂ ಸರಿ ಎಂದು ಅಕ್ಕನ ಮಾತನ್ನು ಲೋಹದಲ್ಲಿ ಕಟ್ಟಿ ತಂದಿದ್ದ. ಅದು ಅವಳ ಕಿವಿಯ ಹತ್ತಿರವೇ ಗೊರ್ರೆಂದಿತ್ತು, ಅವಳಿಗೆ ಕೇಳಿಸಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ತಮ್ಮ ನಿಂತಿದ್ದ, ಕಂಕುಳಲ್ಲಿ ಹಳೆಯ ಟವೆಲಿನಲ್ಲಿ ಸುತ್ತಿದ ಏನನ್ನೋ ಇಟ್ಟುಕೊಂಡು.

"ಬಾ," ಎಂದಳು ಅವಳು.

ಅವನು ಒಳಗೆ ಬಂದು ಚಪ್ಪಲಿ ಬಿಟ್ಟು, ಅವಳ ಹಳೆಯ ಕಂಪ್ಯೂಟರಿನ ಮುಂದೆ ನೆಲದ ಮೇಲೆ ಕೂತು, ಜೇಬಿನಿಂದ ಸ್ಕ್ರೂಡ್ರೈವ‌ರು ತೆಗೆದ. ಅವಳು ಅಡುಗೆಮನೆಗೆ ಹೋಗಿ ಇದ್ದ ಒಂದು ಹಣ್ಣನ್ನು ಕತ್ತರಿಸಿದಳು. ಕೈ ಎಷ್ಟೇ ಪಳಗಿದ್ದರೂ ಒಂದು ಹೋಳು ಸಣ್ಣದಾಯಿತು. ತಟ್ಟೆಯನ್ನು ಅವನ ಮುಂದೆ ಇಡುವಾಗ ಸಣ್ಣ ಹೋಳು ಅವನ ಕಡೆಗೇ ತಿರುಗಿತ್ತು. ಅವಳು ಅದನ್ನು ನೋಡಿದಳು. ಮನೆಯಲ್ಲಿ ಇರುವುದು ಇಬ್ಬರೇ, ಆಡಿಕೊಳ್ಳಲು ನೆರೆಯವರೂ ಇಲ್ಲ, ಹೊಗಳಲು ತಾಯಂದಿರೂ ಇಲ್ಲ. ತಟ್ಟೆಯನ್ನು ತಿರುಗಿಸಿ ಇಟ್ಟಳು. ಅವನು ಸ್ಕ್ರೂ ಬಿಚ್ಚುತ್ತಲೇ ಇದ್ದ, ನೋಡಿದನೋ ಇಲ್ಲವೋ ಗೊತ್ತಾಗಲಿಲ್ಲ.

ಟವೆಲಿನೊಳಗೆ ಇದ್ದದ್ದು ಅತ್ತೆ. ಟೇಪಿಲ್ಲದೆ, ಕಪ್ಪು ಕವಚವಿಲ್ಲದೆ, ಅವನೇ ಆರಿಸಿದ ತಿಳಿ ನೀಲಿ ಮೈ. ಅವಳು ಅದನ್ನು ಹಾಗೆ ನೋಡಿದ್ದು ಅದೇ ಮೊದಲು. ಅವನು ಸಿಕ್ಕಿಸಿದ, ಡಬ್ಬ ಮುಚ್ಚಲಿಲ್ಲ. ಕಾಡಿನ ದೃಶ್ಯ ಓಡತೊಡಗಿತು, ಫ್ಯಾನುಗಳು ಗೊರ್ರೆಂದವು.

"ತಯಾರಾಗಲ್ಲ ಇನ್ನು ಇದು," ಎಂದ. "ಇರೋದು ಇದೊಂದೇ. ನೋಡಿ ಹೇಳು, ಹೇಗಿದೆ?"

ಅವಳು ಬಾಗಿ ನೋಡಿದಳು. "ಬಲಗಡೆ ಫ್ಯಾನು ಒಂಚೂರು…" ಎಂದು ಶುರುಮಾಡಿದಳು, ಅಭ್ಯಾಸಬಲ.

"ಅದನ್ನ ಹೇಳೋಕೆ ಕಂಪನೀಲಿ ಜನ ಇದ್ದಾರೆ," ಎಂದ ತಮ್ಮ. "ನಾನು ನಮ್ಮಕ್ಕನ್ನ ಕೇಳಿದ್ದು."

ಅವಳು ನಾಲಿಗೆ ಕಚ್ಚಿಕೊಂಡಳು. ಅವನ ಪಕ್ಕದಲ್ಲಿ ನೆಲದ ಮೇಲೆ ಕೂತು, ಡಬ್ಬದ ಅಂಚಿನ ಮೇಲೆ ಕೈಯಿಟ್ಟಳು. ಗಾಳಿ ಬೆರಳುಗಳಿಗೆ ತಾಗುತ್ತಿತ್ತು, ಬೆಚ್ಚಗೆ. ತೆರೆಯ ಮೇಲೆ ಹೊಳೆ ತಡವರಿಸದೆ ಹರಿಯುತ್ತಿತ್ತು.

"ಆ ಇನ್ನೊಂದಕ್ಕಿಂತ ನನಗೆ ಇದೇ ಇಷ್ಟ," ಎಂದಳು.

"ಸೋತ ಕಾರ್ಡು ಇದು. ಯಾಕೆ ಇಷ್ಟ?"

ಅವಳು ಕಾರಣ ಹುಡುಕಿದಳು. ಹುಡುಕಿದರೆ ಸಿಗುತ್ತಿದ್ದವು, ಬಿಸಿ ತಾಳುವುದು, ಕಟ್ಟಿದ ಅಚ್ಚುಕಟ್ಟು, ಎಷ್ಟೋ ಇದ್ದವು. ಎಲ್ಲವನ್ನೂ ಬಿಟ್ಟಳು.

"ನಿಂದು ಅಂತ," ಎಂದಳು.

ತಟ್ಟೆಗೆ ಕೈ ಚಾಚಿ ತಮ್ಮ ದೊಡ್ಡ ಹೋಳನ್ನು ಎತ್ತಿಕೊಂಡ. ಬಾಯಿಗಿಟ್ಟುಕೊಳ್ಳುವ ಮೊದಲು ಅದನ್ನು ಸ್ವಲ್ಪ ಹೊತ್ತು ನೋಡಿದ. ಫ್ಯಾನಿನ ಸದ್ದಿಗೆ ಅವನ ಹಣೆ ಆಗಲೇ ಗಂಟಿಕ್ಕುತ್ತಿತ್ತು. ಕಂಪ್ಯೂಟರು ಆರಿಸಲು ಅವಳು ಕೈ ಚಾಚಿದಾಗ, ಇರ್ಲಿ ಬಿಡು ಎಂದ.